ಎದುರು ಪಾರ್ಟಿ ನಾಪತ್ತೆ

ಹೆದರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನ್ನ ಹೆಂಡತಿ ಬಂದವರೆದುರು ಹೋದವರೆದುರು ಹೇಳಿಕೊಂಡು ತಿರುಗುತ್ತಾಳೆ. ಇದು ಶುದ್ಧ ಅಪಪ್ರಚಾರ. ನಾನು ಸಿಕ್ಕಿದ್ದಕ್ಕೆಲ್ಲ ಹೆದರುವ ಪೈಕಿ ಅಲ್ಲ. ನಾಯಿ, ಲಿಫ್ಟು, ಹಲ್ಲಿನ ಡಾಕ್ಟರು, ನಮ್ಮ ಪ್ರೆಸ್ಸಿನ ಮಾಲೀಕರು, ನನ್ನ ಭಾವಮೈದ, ಇಷ್ಟಕ್ಕೇ ನನ್ನ ಭಯ ಮುಗಿಯಿತು. (ಹೆಂಡತಿಯನ್ನು ಇದರಲ್ಲಿ ಸೇರಿಸಿಲ್ಲ. ನಾನು ಬರೆದದ್ದನ್ನು ಅವಳು ಓದುತ್ತಾಳೆ.) ಆದರೆ ಜಮೀನು ಮಾರುವ ಪ್ರಸಂಗ ಬಂದಾಗ ಮಾತ್ರ ನನ್ನ ಜಂಘಾಬಲ ಉಡುಗಿಹೋದದ್ದು ನಿಜ. ಅದನ್ನು ನಿಮಗೆ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನನ್ನವಳಿಗೆ ಪೇಟೆಯಲ್ಲಿ ಒಂದು ಬಾಡಿಗೆ ಟೈಲರ್ ಅಂಗಡಿ ಇದೆ. ಸೊಂಟ ಬಗ್ಗಿಸಿ ಹೊಲಿದು ಹೊಲಿದು ಹೆಸರು ಮಾಡಿದವಳು ಅವಳು. ಇದ್ದಕ್ಕಿದ್ದಂತೆ ಕಟ್ಟಡದವರು, "ಅಂಗಡಿ ಮಾರ್ತಿದ್ದೀವಿ. ಈ ತಿಂಗಳ ಕೊನೆಯೊಳಗೆ ನೀವು ತಗೊಂಡ್ರೆ ಸರಿ, ಇಲ್ಲಾಂದ್ರೆ ಬೇರೆಯವರು ರೆಡಿ ಇದಾರೆ" ಎಂದರು. ಆ ಬೇರೆಯವರು ಪಕ್ಕದ ಮೊಬೈಲ್ ಅಂಗಡಿಯವನು. ಅವನು ದಿನಾ ಬಂದು, ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂದು ತಲೆ ಓರೆ ಮಾಡಿ ನೋಡುತ್ತಾ ನಿಲ್ಲುತ್ತಿದ್ದ. ಅವನು ಹೋದ ಮೇಲೆ ಇವಳು ಒರೆಸಿದ ಹೊಲಿಗೆ ಮೆಷಿನ್ನನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ನಮ್ಮ ಮಾವ ಇವಳ ಹೆಸರಿಗೆ ಬರೆದುಕೊಟ್ಟ ಖಾಲಿ ಜಾಗವೊಂದು ಊರಾಚೆ ಬಿದ್ದಿತ್ತು. ಅದನ್ನು ಮಾರಿ ಅಂಗಡಿ ಕೊಳ್ಳುವುದು ಎಂದಾಯಿತು. ಕೊಳ್ಳುವವರೂ ಸಿಕ್ಕಿದರು. ಎಲ್ಲ ಸರಾಗ ಎನ್ನುವಾಗ ವಕೀಲರು ಹಳೆಯ ಕಾಗದ ತಿರುವುತ್ತಾ ಕನ್ನಡಕ ಮೇಲೇರಿಸಿದರು.

"ಇಲ್ಲೊಂದು ಪಾರ್ಟಿ ಬಾಕಿ ಇದೆಯಲ್ರೀ?"

"ರಿಜಿಸ್ಟ್ರೇಷನ್ ಆಗ್ಲಿ ಸಾರ್, ಒಳ್ಳೇ ಹೋಟ್ಲಲ್ಲೇ ಕೊಡ್ಸೋಣ" ಎಂದೆ ನಾನು.

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ವಕೀಲರು ಹೇಳಿದ್ದು ಆ ಪಾರ್ಟಿಯಲ್ಲ, ಕರಾರಿನ ಎದುರು ಪಾರ್ಟಿ. ಬಹಳ ವರ್ಷದ ಹಿಂದೆ ಆ ಜಾಗವನ್ನು ಕೊಳ್ಳುತ್ತೇನೆಂದು ಒಬ್ಬರು ನಮ್ಮ ಮಾವನಿಗೆ ಮುಂಗಡ ಕೊಟ್ಟು, ಕರಾರು ನೋಂದಣಿ ಮಾಡಿಸಿ, ಆಮೇಲೆ ಪತ್ತೆಯೇ ಇಲ್ಲದಂತೆ ಮಾಯವಾಗಿದ್ದರು. ಅವರು ಬಂದು ಕರಾರು ರದ್ದು ಎಂದು ಸಹಿ ಹಾಕದ ಹೊರತು ಜಾಗ ಮಾರುವಂತಿಲ್ಲ.

ಅವರು ಯಾರು ಗೊತ್ತೇ? ಡ್ರೈವಿಂಗ್ ಮಾಸ್ತರರು!

ಆ ಪದ ಕಿವಿಗೆ ಬಿದ್ದದ್ದೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಾನು ಅವರ ಹಳೆಯ ಶಿಷ್ಯ, ಇವಳ ಗಂಡ ಎಂಬುದೂ ಅವರಿಗೆ ಗೊತ್ತು. ಆಳು ಬಾಗಿಲಿನಷ್ಟು ಅಗಲ, ದನಿ ಲಾರಿಯ ಹಾರನ್ನು. ಅವರು "ಬ್ರೇಕು!" ಎಂದು ಕೂಗಿದರೆ ಎದುರಿನಿಂದ ಬರುವ ಬಸ್ಸೂ ನಿಲ್ಲುತ್ತಿತ್ತು, ನಾನೊಬ್ಬ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಅವರ ಕಾರನ್ನು ಕ್ಷೌರದಂಗಡಿಯ ಒಳಗೆ ನಿಲ್ಲಿಸಿದ ದಿನ (ಯಾರಿಗೂ ಏನೂ ಆಗಲಿಲ್ಲ, ಒಬ್ಬರ ಮೀಸೆ ಮಾತ್ರ ಅರ್ಧ ಹೋಯಿತು) ಅವರು, "ನಿನ್ನ ಮುಖ ಇನ್ನೊಂದು ಸಲ ನನ್ನ ಕಣ್ಣಿಗೆ ಬಿದ್ರೆ ನಿನ್ನ ಮೇಲೇ ಗಾಡಿ ಹತ್ತಿಸ್ತೀನಿ" ಎಂದಿದ್ದರು. ಅಂಥವರನ್ನು ಹುಡುಕಿಕೊಂಡು ಹೋಗಿ ನನ್ನ ಮುಖವನ್ನು ನಾನೇ ತೋರಿಸಬೇಕು!

"ಅವರು ಸಹಿ ಹಾಕಲ್ಲ ಅಂದ್ರೆ?" ಎಂದಳು ಹೆಂಡತಿ.

"ಬಾಕಿ ದುಡ್ಡು ತಗೊಂಡು ಹಳೇ ರೇಟಿಗೇ ನನಗೆ ಬರೆದುಕೊಡಿ ಅಂತ ಹಟ ಹಿಡೀಬಹುದು. ಕೋರ್ಟಿಗೂ ಹೋಗಬಹುದು. ಆಗ ಅಂಗಡಿ ಮರೆತುಬಿಡಿ" ಎಂದರು ವಕೀಲರು.

"ಅವರು... ತೀರಿಹೋಗಿದ್ರೆ?" ಎಂದು ನಾನು ಮೆಲ್ಲನೆ ಕೇಳಿದೆ.

"ಆಗ ವಾರಸುದಾರರ ಸಹಿ ಸಾಕು."

ದೇವರಾಣೆ, ನಾನು ಯಾರ ಸಾವನ್ನೂ ಬಯಸುವವನಲ್ಲ. ಆದರೂ ಹೊಟ್ಟೆಯೊಳಗೆ ಎಲ್ಲೋ ಒಂದು ಮೂಲೆಯಲ್ಲಿ ತಂಪಾದದ್ದು ಸುಳ್ಳಲ್ಲ.

ಮಾರನೇ ದಿನ ಮಾಸ್ತರರ ಹಳೆಯ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿಯೊಬ್ಬರು ಹೊಸ್ತಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು.

"ಮಾಸ್ತರಾ? ಅವರು ಹೋಗಿಬಿಟ್ರಲ್ಲಪ್ಪಾ!" ಎಂದರು ಅಜ್ಜಿ.

ನಾನು ಗೋಡೆ ಹಿಡಿದುಕೊಂಡೆ. "ಅಯ್ಯೋ! ಏನಾಗಿತ್ತಜ್ಜೀ?"

"ಏನಾಗಿತ್ತು? ಏನೂ ಇಲ್ಲ. ಬೆಳಗ್ಗೆ ಕಾಫಿ ಕುಡಿದ್ರು, ನನ್ನ ಹತ್ರ ನಗ್ತಾ ನಗ್ತಾ ಮಾತಾಡಿದ್ರು, ಹೊರಟೇಬಿಟ್ರು."

"ಕಷ್ಟ ಏನೂ ಆಗಲಿಲ್ವಾ?"

"ಮೆಟ್ಟಿಲು ಇಳಿಸೋವಾಗ ಸ್ವಲ್ಪ ಕಷ್ಟ ಆಯ್ತು, ನಾಲ್ಕು ಜನ ಹಿಡಿದ್ರು. ಭಾರ ನೋಡು."

(ಮಂಚದ ಭಾರ ಎಂದು ಆಕೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.)

"ಈಗ ಮೇಲೆ ನೆಮ್ಮದಿಯಾಗಿದಾರಂತೆ. ಗಾಳಿ, ಬೆಳಕು, ಯಾರ ಕಾಟಾನೂ ಇಲ್ಲ. ನಾನೂ ಬೇಗ ಅಲ್ಲಿಗೇ ಹೋಗೋಣ ಅಂತಿದ್ದೀನಿ" ಎಂದು ಅಜ್ಜಿ ನಿಟ್ಟುಸಿರಿಟ್ಟರು.

ಹೀಗೆ ಸಾವಿನ ಬಗ್ಗೆ ಇಷ್ಟು ನಿರಾಳವಾಗಿ ಮಾತಾಡುವ ಅಜ್ಜಿಯ ಮುಂದೆ ಇನ್ನು ನಿಲ್ಲಲಾಗಲಿಲ್ಲ. ಕೈಮುಗಿದು ಓಡಿಬಂದೆ.

"ತೀರಿಕೊಂಡ್ರು ಅಂದ್ರಾ, ಹೋದ್ರು ಅಂದ್ರಾ? ಸರಿಯಾಗಿ ಹೇಳ್ರೀ" ಎಂದು ಹೆಂಡತಿ ಅಡ್ಡಸವಾಲು ಹಾಕಿದಳು.

"ಹೋಗಿಬಿಟ್ರು ಅಂದ್ರೆ ಏನೇ ಅರ್ಥ? ಸಿನಿಮಾಕ್ಕೆ ಹೋದ್ರು ಅಂತಾನಾ?"

"ನೀವು ದಿನಾ ಬೆಳಗ್ಗೆ ಪ್ರೆಸ್ಸಿಗೆ ಹೋದಾಗ್ಲೂ ನಾನು ಹೋದ್ರು ಅಂತಾನೇ ಹೇಳ್ತೀನಿ. ಮೊದಲು ಅವರ ಮಕ್ಕಳನ್ನ ಕಂಡುಬನ್ನಿ."

ಮಕ್ಕಳನ್ನು ಎಲ್ಲಿ ಅಂತ ಹುಡುಕಲಿ? ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ನಾನು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು. ಪರರ ಹುಟ್ಟು, ಮದುವೆ, ಮರಣ ಎಲ್ಲವೂ ನನ್ನ ಕೈ ಹಾದೇ ಊರಿಗೆ ತಲುಪುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಕಪ್ಪು ಅಂಚಿನ ಒಂದು ಭಿತ್ತಿಪತ್ರ ಸಿದ್ಧಪಡಿಸಿದೆ. ಕರಾರಿನಲ್ಲಿದ್ದ ಮಾಸ್ತರರ ಚಿತ್ರ, ಕೆಳಗೆ, "ನಮ್ಮ ನೆಚ್ಚಿನ ಡ್ರೈವಿಂಗ್ ಮಾಸ್ತರರು ನಮ್ಮನ್ನಗಲಿದ್ದಾರೆ. ಅವರ ಸ್ಟಿಯರಿಂಗ್ ಈಗ ಭಗವಂತನ ಕೈಯಲ್ಲಿ. ಜಮೀನಿನ ವಿಷಯವಾಗಿ ವಾರಸುದಾರರು ಕೂಡಲೇ ಸಂಪರ್ಕಿಸಿ." ಸಂಪರ್ಕಕ್ಕೆ ನನ್ನ ವಿಳಾಸ ಹಾಕಲು ಧೈರ್ಯವಾಗಲಿಲ್ಲ. ಹೆಂಡತಿಯ ಅಂಗಡಿಯ ವಿಳಾಸ ಹಾಕಿದೆ. ಅವಳಿಗೆ ಹೇಳಲಿಲ್ಲ. ಎಲ್ಲ ಕೆಲಸ ಮುಗಿದ ಮೇಲೆ ಭೇಷ್ ಎನ್ನಿಸಿಕೊಳ್ಳೋಣ ಎಂದು ಬೀದಿ ಬೀದಿಯ ಗೋಡೆಗೆ ಅಂಟಿಸಿಬಂದೆ.

ಎರಡು ದಿನ ಕಳೆದು, ಅವಳು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಆಗ ಬೀದಿಯಲ್ಲಿ ಒಂದು ದನಿ ಕೇಳಿಸಿತು. ಲಾರಿಯ ಹಾರನ್ನು! ಬಾಗಿಲಿಗೆ ಅಡ್ಡಲಾಗಿ ಬೆಳಕೆಲ್ಲ ಮುಚ್ಚಿ ನಿಂತಿದ್ದರು ಸಾಕ್ಷಾತ್ ದಿವಂಗತರು. ಕೈಯಲ್ಲಿ ಹರಿದ ಭಿತ್ತಿಪತ್ರ.

ನಾನು ಡಬ್ಬಿ ಸಮೇತ ಬಟ್ಟೆ ಹಾಕಿ ನೋಡುವ ಮೂಲೆಗೆ ಹಾರಿ ಪರದೆ ಎಳೆದುಕೊಂಡೆ. ದೆವ್ವವೋ ಮನುಷ್ಯರೋ ತಿಳಿಯಲಿಲ್ಲ. ದೆವ್ವವಾಗಿರಲಪ್ಪಾ ಎಂದು ಬೇಡಿಕೊಂಡೆ.

"ನಾನು ಸತ್ತಿದ್ದೀನಂತೆ! ನನಗೇ ಗೊತ್ತಿಲ್ಲ!" ಎಂದು ಮಾಸ್ತರರು ಗುಡುಗಿದರು. "ಗುಡ್ಡದ ಮೇಲೆ ಮನೆ ಕಟ್ಟಿಸ್ಕೊಂಡು ನೆಮ್ಮದಿಯಾಗಿದ್ದೆ. ಬೆಳಗ್ಗೆಯಿಂದ ಹಳೇ ಶಿಷ್ಯರೆಲ್ಲ ಅಳ್ತಾ ಬರ್ತಿದಾರೆ. ಬಾಗಿಲು ನಾನೇ ತೆಗೆದೆ. ಒಬ್ಬ ಅಲ್ಲೇ ಮೂರ್ಛೆ ಬಿದ್ದ! ಯಾರಮ್ಮ ಇದನ್ನ ಮಾಡಿದ್ದು?"

"ಪ್ರೆಸ್ಸಿನಲ್ಲಿ ಯಾರೋ ತಲೆ ಇಲ್ಲದೋರು ಮಾಡಿರ್ತಾರೆ ಮಾಸ್ತರೇ" ಎಂದಳು ನನ್ನವಳು. ಆ 'ತಲೆ ಇಲ್ಲದೋರು' ಎನ್ನುವಾಗ ಅವಳ ದನಿ ಪರದೆಯತ್ತ ತಿರುಗಿತು.

"ಜಾಗ ಮಾರ್ತಿದ್ದೀರಿ ಅಂತಾಯ್ತಲ್ಲ? ಬಾಕಿ ದುಡ್ಡು ನಾನೇ ಕೊಡ್ತೀನಿ, ಹಳೇ ರೇಟಿಗೇ ನನಗೆ ಬರೆದುಕೊಡಿ. ಇಲ್ಲಾಂದ್ರೆ ಕೋರ್ಟು! ಎಲ್ಲಿ ನಿನ್ನ ಗಂಡ? ಕರಿ ಅವನನ್ನ!"

ಮೆಷಿನ್ನಿನ ಸದ್ದು ನಿಂತಿತು. ಅಂಗಡಿ ಹೋಯಿತು ಎಂದುಕೊಂಡೆ. ಅವಳು ಮೂಗೆಳೆದುಕೊಂಡ ಸದ್ದು ಕೇಳಿಸಿತು.

"ಅವರಿಲ್ಲ ಮಾಸ್ತರೇ" ಎಂದಳು.

ಮಾಸ್ತರರ ಹಾರನ್ನು ಒಮ್ಮೆಲೇ ಕೆಟ್ಟುನಿಂತಿತು.

"ಇಲ್ವಾ? ಅಯ್ಯಯ್ಯೋ... ಯಾವಾಗಮ್ಮಾ?"

ಬಟ್ಟೆಗೆ ಕತ್ತರಿ ಇಡುವ ಮುನ್ನ ನನ್ನವಳು ಒಂದು ಕ್ಷಣ ಸುಮ್ಮನಾಗುತ್ತಾಳೆ. ಈಗಲೂ ಹಾಗೇ ಸುಮ್ಮನಾದಳು.

"ಯಾವಾಗ ಅಂತ ಹೇಳ್ಲಿ ಮಾಸ್ತರೇ" ಎಂದಳು, ನಿಟ್ಟುಸಿರು ಬೆರೆಸಿ.

"ಹಾರ್ಟಾ?"

"ಮೊದಲಿಂದಲೂ ಅವರಿಗೆ ಎದೆ ಗಟ್ಟಿ ಇರಲಿಲ್ಲ."

"ಪಾಪ! ಎಷ್ಟು ಬೈದುಬಿಟ್ಟಿದ್ದೆ ನಾನು. ಅವನಿಲ್ಲದೆ ಹೇಗಮ್ಮ ನಿಭಾಯಿಸ್ತಿದ್ದೀಯ?"

"ಏನ್ ಮಾಡೋದು, ಇದ್ದಾಗಲೂ ಇದ್ದ ಹಾಗಿರಲಿಲ್ಲ."

ಗಮನಿಸಿ, ಒಂದೇ ಒಂದು ಸುಳ್ಳು ಹೇಳಲಿಲ್ಲ ಹೆಂಗಸು! ಈ ಕೊನೆಯ ಮಾತಿಗೆ ಪರದೆ ಸರಿಸಿ ಹೊರಗೆ ಹಾರಿ, "ಇದ್ದೀನಿ ಕಣೇ!" ಎಂದು ಕೂಗಬೇಕೆನ್ನಿಸಿತು. ಆದರೆ ಪರದೆಯ ಆಚೆ ಮಾಸ್ತರರು, ಈಚೆ ಮರಣ. ಅಳೆದು ತೂಗಿ ಮರಣವೇ ವಾಸಿ ಎಂದು ಡಬ್ಬಿ ಅಪ್ಪಿಕೊಂಡು ನಿಂತೆ.

ಮಾಸ್ತರರು ಕಣ್ಣೊರೆಸಿಕೊಂಡ ಸದ್ದಾಯಿತು. "ಒಂಟಿ ಹೆಂಗಸಿನ ಜಾಗಕ್ಕೆ ಕಣ್ಣು ಹಾಕೋನಲ್ಲ ನಾನು. ಮುಂಗಡ ವಾಪಸು ಕೊಟ್ಟುಬಿಡಮ್ಮ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ" ಎಂದರು.

ಅವರು ಹೋದ ಮೇಲೆ ನಾನು ಹೊರಬಂದೆ. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಹಿ ಆಗೋವರೆಗೂ ಸತ್ತೇ ಇರಿ. ಮಧ್ಯೆ ಎದ್ದು ಬಂದ್ರೆ ನಾನೇ ಸಾಯಿಸ್ತೀನಿ" ಎಂದಳು.

ನೋಂದಣಿಯ ದಿನ ಮನೆಯಲ್ಲಿ ಕೂರಲಾಗಲಿಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು (ಬಂದದ್ದು ನಡೆದುಕೊಂಡೇ) ಕಚೇರಿಯ ಹೊರಗಿನ ಕಂಬದ ಮರೆಯಲ್ಲಿ ನಿಂತೆ. ಮಾಸ್ತರರು ಈ ಕಡೆ ಕತ್ತು ತಿರುಗಿಸಿದಾಗಲೆಲ್ಲ ನನ್ನ ಜೀವ ಹೋಗಿ ಬರುತ್ತಿತ್ತು. ಕೊನೆಗೂ ಸಹಿ ಬಿತ್ತು. ಕೊಳ್ಳುವವರ ಹೆಸರಿಗೆ ಜಾಗವೂ ಆಯಿತು. ಹೆಂಡತಿ ಕಾಗದಗಳನ್ನು ಎದೆಗವಚಿಕೊಂಡು ಹೊರಬಂದಳು; ಮುಖ ಎಷ್ಟು ಅರಳಿತ್ತೆಂದರೆ ಹೆಲ್ಮೆಟ್ಟಿನೊಳಗೆ ನನ್ನ ಕಣ್ಣೂ ಒದ್ದೆಯಾಯಿತು. ಅಬ್ಬ, ಗೆದ್ದೆವು!

ಹಿಂದೆಯೇ ಬಂದ ಮಾಸ್ತರರು ಕಂಬದ ಹತ್ತಿರವೇ ಅವಳನ್ನು ನಿಲ್ಲಿಸಿದರು.

"ತಪ್ಪು ತಿಳೀಬೇಡಮ್ಮ. ಇನ್ನೂ ಚಿಕ್ಕ ವಯಸ್ಸು ನಿಂದು, ಒಬ್ಬಳೇ ಎಷ್ಟು ದಿನ ಅಂತ ಇರ್ತೀಯ? ನನ್ನ ತಮ್ಮ ಒಬ್ಬ ಇದಾನೆ. ಮದುವೆ ಆಗಿಲ್ಲ. ದುಡೀತಾನೆ, ಅಡುಗೆ ಬರುತ್ತೆ, ಯಾವುದಕ್ಕೂ ಹೆದರೋನಲ್ಲ."

ನಾನು ಕಾದೆ. ಈಗ ನೋಡಿ, ನನ್ನ ಹೆಂಡತಿ ಹೇಗೆ ಬೆಂಕಿಯಾಗುತ್ತಾಳೆ, ಮಾಸ್ತರರಿಗೆ ಹೇಗೆ ನೀರಿಳಿಸುತ್ತಾಳೆ ಎಂದು ಉಸಿರು ಬಿಗಿಹಿಡಿದೆ. ಅವಳು ನಿಧಾನವಾಗಿ ತಲೆಯೆತ್ತಿ ನೇರ ನನ್ನ ಹೆಲ್ಮೆಟ್ಟನ್ನೇ ನೋಡಿದಳು.

"ಯೋಚನೆ ಮಾಡಿ ಹೇಳ್ತೀನಿ ಮಾಸ್ತರೇ" ಎಂದಳು.

ಅಂಗಡಿ ಈಗ ಅವಳದೇ. ಗೋಡೆಗೆ ಅವಳಿಗೆ ಬೇಕಾದ ಬಣ್ಣ ಬಿದ್ದಿದೆ. "ಇನ್ನೇನೇ ಯೋಚನೆ? ಬೇಡ ಅಂತ ಹೇಳಿಕಳಿಸಬಾರದಾ?" ಎಂದು ನಾನು ದಿನಾ ಕೇಳುತ್ತೇನೆ. "ಅವಸರ ಏನ್ರೀ?" ಎನ್ನುತ್ತಾಳೆ. ಅವಳು ಯೋಚನೆ ಮಾಡುತ್ತಲೇ ಇದ್ದಾಳೆ. ನಾನು ಅಡುಗೆ ಕಲಿಯುತ್ತಿದ್ದೇನೆ.