ಅರ್ಧ ತಾಸಿನ ಫ್ಲಾರೆನ್ಸ್

ನಮ್ಮ ಕಾಕಾ ಇಟಲಿಯ ಫ್ಲಾರೆನ್ಸಿಗೆ ನೂರು ಸಲ ಹೋಗಿ ಬಂದಿದ್ದಾರೆ. ಪಾಸ್‌ಪೋರ್ಟ್ ಕೇಳಬೇಡಿ, ಇಲ್ಲ! ಖಾನಾಪುರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾದ ಅವರು ಧಾರವಾಡ ದಾಟಿದ್ದೇ ಒಮ್ಮೆ. ಅದೂ ರೈಲಿನಲ್ಲಿ ನಿದ್ದೆ ಹತ್ತಿ, ಇಳಿಯುವುದನ್ನು ಮರೆತು!

ಇದು ಎಪ್ಪತ್ತೆಂಟನೇ ಇಸವಿಯ ಮಾತು. ಫ್ಲಾರೆನ್ಸಿನ ಚಿತ್ರ ಸಂಗ್ರಹಾಲಯವೊಂದಕ್ಕೆ ಪತ್ರ ಬರೆಸಿ ಕಾಕಾ ಬಣ್ಣದ ಹಾಳೆಯೊಂದನ್ನು ತರಿಸಿದ್ದರು. ಗೈಡ್ ಜೊತೆ ಚಿತ್ರ ನೋಡಲು ಅದರಲ್ಲಿ ಮೂರು ದಾರಿ: ಅರ್ಧ ತಾಸು, ಎರಡು ತಾಸು, ಇಡೀ ದಿನ. ಪ್ರತಿ ರವಿವಾರ ಹಾಳೆಯನ್ನು ಚಾಪೆಯ ಮೇಲೆ ಹರವಿ ಆಯ್ಕೆಗೆ ಕೂರುವರು. ಹೆಣ್ಣು ನೋಡಲು ಬಂದ ಬೀಗರಾದರೂ ಅಷ್ಟು ಗಂಭೀರವಾಗಿ ಕೂತಾರೆಯೇ?

“ಇಡೀ ದಿನದ್ದ ಹೋಗೂಣು.”

“ನನ್ನ ಮೊಣಕಾಲನ್ನೂ ಒಂದ್ ಮಾತು ಕೇಳ್ರಿ!” ಎನ್ನುವಳು ಅವರ ಹೆಂಡತಿ, ನಮ್ಮ ಕಾಕು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂತು ಏದುಸಿರು ಬಿಡುವವಳು.

“ಹಂಗಾರ ಅರ್ಧ ತಾಸಿಂದ. ನಿನ್ನ ಬಿಟ್ಟು ನಾ ಒಬ್ಬನ ನೋಡಿ ಯಾರಿಗೆ ಹೇಳ್ಲಿ?”

ಬೆಳಗಾವಿಯಲ್ಲಿ ಓದುವ ಇಂಗ್ಲಿಷ್ ಪಂಡಿತ ನಾನೇ ತಾನೆ? ಪತ್ರ ನನ್ನಿಂದಲೇ; ನಡುನಡುವೆ ನನ್ನದೂ ಒಂದೆರಡು ಚೇಷ್ಟೆಯ ಮಾತು ಸೇರಿಸುತ್ತಿದ್ದೆ. ‘ಚಪ್ಪಲಿ ಎಲ್ಲಿ ಬಿಡಬೇಕು? ಕಾಯುವವರು ಇದ್ದಾರೆಯೇ?’ ಎಂದು ಬರೆಸಿದರು. ‘ಚಪ್ಪಲಿ ಬಿಡಬೇಕಿಲ್ಲ’ ಎಂದು ಉತ್ತರ ಬಂತು. ಕಾಕಾ ಹೌಹಾರಿದರು!

“ಚಪ್ಪಲಿ ಮೆಟ್ಟಿ ಅಂಥಾ ಚಿತ್ರದ ಮುಂದ ನಿಂದರೂದ? ಅವರ ಮನ್ಯಾಗ ಹಿರ್ಯಾರ ಇಲ್ಲೇನ?”

“ನಾವರ ಕೈಯಾಗ ಹಿಡ್ಕೊಂಡ ಹೋಗೂಣ್ರಿ,” ಎಂದಳು ಕಾಕು.

ಆಮೇಲೆ ತಾಲೀಮು! ಶಾಲೆಯ ಹುಡುಗರು ಬರೆದ ಚಿತ್ರಗಳನ್ನು ಪಡಸಾಲೆಯ ಗೋಡೆಗೆ ತೂಗುಹಾಕಿ, ಗಡಿಯಾರ ಹಿಡಿದು ಕಾಕುವನ್ನು ನಡೆಸುವರು. ಮೊದಲ ವಾರ ಅರ್ಧ ತಾಸಿಗೆ ಹತ್ತು ಚಿತ್ರ. ಬರಬರುತ್ತಾ ಆರು. ಕೊನೆಗೆ ಮೂರನೆಯದರ ಮುಂದೆಯೇ ಅವಳು ಗೋಡೆ ಹಿಡಿದು ಕುಸಿದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಕಾ ಆ ಹಾಳೆಯನ್ನು ಅವಳ ದಿಂಬಿನ ಕೆಳಗಿಟ್ಟರು. ಹನ್ನೊಂದನೆಯ ದಿನ ಹಾಳೆಯಷ್ಟೇ ಮನೆಗೆ ಮರಳಿತು.

ತಿಂಗಳ ನಂತರ ಒಂದು ರವಿವಾರ ಹೋದೆ. ಚಾಪೆಯ ಮೇಲೆ ಅದೇ ಹಾಳೆ. ನಗಿಸುವ ಚಟದ ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

“ಇನ್ನ ಇಡೀ ದಿನದ್ದ ಹೋಗ್ರಿ ಕಾಕಾ, ಬ್ಯಾಡ ಅನ್ನಾವ್ರ ಯಾರದಾರ?”

ಅವರು ನಗಲಿಲ್ಲ. ಬಿಳಿ ಕಾಗದವನ್ನು ನನ್ನತ್ತ ಸರಿಸಿದರು.

“ಅರ್ಧ ತಾಸಿಂದ ಇರ್ಲಿ. ಇಬ್ಬರು ಅಂತ ಬರಿ. ನಡುವ ಆಕಿಗೆ ಕುಂದರಾಕ ಬೆಂಚ್ ಅದಾವೇನು, ಅದನ್ನೂ ಕೇಳು.”

ಜನ್ಮದಲ್ಲೇ ಮೊದಲ ಸಲ, ನನ್ನದೊಂದು ಮಾತೂ ಸೇರಿಸದೆ ಬರೆದೆ.