ನಮ್ಮ ಮನೆಯಲ್ಲಿ ಬಿಚ್ಚಿಕೊಂಡ ಪ್ಯಾರಾಚೂಟು

ನಿಯಮ ಎಂಬುದು ಎಲ್ಲಿ ಅಚ್ಚಾಗಿದ್ದರೂ ನಿಂತು ಓದುವ ಚಟ ನನಗೆ ಚಿಕ್ಕಂದಿನಿಂದ ಅಂಟಿಕೊಂಡಿದೆ. ಹೊಸ ಊರಿಗೆ ಹೋದರೆ ಬೇರೆಯವರು ದೇವಸ್ಥಾನ ನೋಡುತ್ತಾರೆ, ನಾನು ಛತ್ರದ ಬಾಗಿಲ ಹಿಂದೆ ತೂಗುಹಾಕಿರುವ 'ಯಾತ್ರಿಕರ ಗಮನಕ್ಕೆ' ಎಂಬ ಹಲಗೆಯನ್ನು ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಸರೋಜಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಟಾಕೀಸಿನ ಗೋಡೆಯ ಮೇಲೆ ಪ್ರೇಕ್ಷಕರು ಏನೇನು ಮಾಡಕೂಡದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿ ಮುಗಿಸಿ ಒಳಗೆ ಹೋಗುವ ಹೊತ್ತಿಗೆ ತೆರೆಯ ಮೇಲಿನ ನಾಯಕಿ ಎರಡು ಹಾಡು ಹಾಡಿ ಕಾಯಿಲೆ ಮಲಗಿದ್ದಳು. ಆಕೆಗೆ ಕಾಯಿಲೆ ಯಾಕೆ ಬಂತು ಎಂದು ತಿಳಿಯದೆ ಹೋದ ಸಂಕಟವನ್ನು ಸರೋಜ ಇವತ್ತಿಗೂ ತವರಿನವರ ಮುಂದೆ ಹೇಳಿಕೊಳ್ಳುತ್ತಾಳೆ. ಆದರೆ ನಿಯಮ ಓದುವುದರಿಂದ ಮನುಷ್ಯನ ಪ್ರಾಣಕ್ಕೂ ಸಂಚಕಾರ ಬರಬಹುದು, ಅದೂ ಓದಿದವನ ಪ್ರಾಣಕ್ಕಲ್ಲ, ಪಕ್ಕದಲ್ಲಿದ್ದವನ ಪ್ರಾಣಕ್ಕೆ, ಎಂಬುದು ನನಗೆ ತಿಳಿದದ್ದು ಹವಾಲ್ದಾರ್ ಮರೀಗೌಡರು ನಮ್ಮ ಮನೆಗೆ ಬಂದ ಭಾನುವಾರ.

ಆಗ ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಗರದ ಒಂದು ಸಮಿತಿಯವರು ಮಂಡಕಳ್ಳಿಯ ವಿಮಾನ ಇಳಿಯುವ ಬಯಲಿನಲ್ಲಿ ಸಾಹಸ ಪ್ರದರ್ಶನ ಏರ್ಪಡಿಸಿದ್ದರು. ಸೈನ್ಯದ ಪಟಾಲಮ್ಮಿನಲ್ಲಿದ್ದು ನಿವೃತ್ತರಾಗಿ ಬಂದ ಮರೀಗೌಡರು ಅಲ್ಲಿ ವಿಮಾನದಿಂದ ಧುಮುಕುವುದು, ಮಂತ್ರಿಗಳು ಅದನ್ನು ನೋಡಿ ಹಾರ ಹಾಕುವುದು, ಇಷ್ಟು ಕಾರ್ಯಕ್ರಮ. ಅನುಮತಿ ನಮ್ಮ ಕಚೇರಿಯಿಂದ ಹೋಗಬೇಕಿತ್ತು. ಶುಕ್ರವಾರ ಮೇಲಿನಿಂದ ಒಂದು ದಪ್ಪ ಲಕೋಟೆ ಬಂತು. ವಿಮಾನದಿಂದ ಧುಮುಕುವವರು ಯಾವ ಯಾವ ಸಲಕರಣೆ ಇಟ್ಟುಕೊಂಡಿರತಕ್ಕದ್ದು ಎಂದು ಅದರಲ್ಲಿ ಹದಿನಾಲ್ಕು ನಿಯಮಗಳಿದ್ದವು. ಧುಮುಕುವವನ ಬಳಿ ಒಂದಲ್ಲ, ಎರಡು ಪ್ಯಾರಾಚೂಟು ಇರತಕ್ಕದ್ದು. ಎರಡನ್ನೂ ಆ ವಿದ್ಯೆ ಬಲ್ಲವನೇ ಮಡಚಿರತಕ್ಕದ್ದು. ಮಡಚಿ ಎರಡು ತಿಂಗಳು ಮೀರಿರತಕ್ಕದ್ದಲ್ಲ. ಮಡಚಿದ ದಿನವನ್ನು ಬರೆದ ಕಾರ್ಡು ಚೀಲದ ಜೇಬಿನಲ್ಲಿರತಕ್ಕದ್ದು. ಇದನ್ನೆಲ್ಲ ಕಣ್ಣಾರೆ ಕಂಡು ಒಬ್ಬ ಸರ್ಕಾರಿ ನೌಕರ ರುಜು ಹಾಕತಕ್ಕದ್ದು.

ನಮ್ಮ ಶಿರಸ್ತೇದಾರ್ ಕೃಷ್ಣಪ್ಪನವರು ಲಕೋಟೆಯನ್ನು ನನ್ನ ಮೇಜಿನ ಮೇಲೆ ಹಾಕಿ, "ರಾಮಣ್ಣನವರೇ, ಇದನ್ನ ಓದಿ ಸಾರಾಂಶ ಹೇಳಿ" ಅಂದರು. ನಾನು ಸಾರಾಂಶದ ಬದಲು ಹದಿನಾಲ್ಕನ್ನೂ ಹೇಳಿದೆ. ಏಳನೆಯದಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ಮುಚ್ಚಿತ್ತು. ಹದಿನಾಲ್ಕು ಮುಗಿದಾಗ ಎಚ್ಚೆತ್ತು, "ಭೇಷ್. ಇಷ್ಟು ತಿಳ್ಕೊಂಡಿರೋರು ಈ ಕಚೇರೀಲಿ ಇನ್ಯಾರಿದ್ದಾರೆ ಕಣ್ರೀ? ನೀವೇ ನೋಡಿ ರುಜು ಹಾಕ್ಬಿಡಿ" ಅಂದರು. ಪ್ರದರ್ಶನ ಸೋಮವಾರ ಬೆಳಗ್ಗೆ. ಶನಿವಾರ ಹವಾಲ್ದಾರರು ಊರಿನಲ್ಲಿರಲಿಲ್ಲ. ಹೀಗಾಗಿ ಭಾನುವಾರ ಚಾಮುಂಡಿಪುರದ ನಮ್ಮ ಮನೆಗೇ ಸಲಕರಣೆ ತರುವುದೆಂದಾಯಿತು.

ಬೆಳಗ್ಗೆ ಒಂಬತ್ತಕ್ಕೆ ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಮರೀಗೌಡರು ಬಂದರು. ಆರಡಿ ಆಳು, ಮೀಸೆ ಕೂಡ ಕವಾಯತಿಗೆ ನಿಂತ ಹಾಗಿತ್ತು. ಗೋಣಿಯಿಂದ ಎರಡು ಹಸಿರು ಚೀಲ ತೆಗೆದು ಚಾಪೆಯ ಮೇಲಿಟ್ಟರು, ಒಂದು ದೊಡ್ಡದು, ಒಂದು ಸಣ್ಣದು.

"ದೊಡ್ದು ಬೆನ್ನಿಗೆ ಸ್ವಾಮಿ, ಚಿಕ್ದು ಎದೆಗೆ. ಬೆನ್ನಿಂದು ಬಿಚ್ಲಿಲ್ಲ ಅಂದ್ರೆ ಎದೇದು" ಅಂದರು.

"ಅದೂ ಬಿಚ್ಚದಿದ್ದರೆ?"

"ಮೂರನೇದ್ನ ಬಿಚ್ಚಾಕೆ ಟೇಮೆಲ್ಲೈತೆ ಸ್ವಾಮಿ?" ಎಂದು ನಕ್ಕರು. ಆಮೇಲೆ ಗಲ್ಲ ಸವರಿಕೊಂಡು, "ನೀವು ನೋಡ್ತಿರಿ. ನಾಳೆ ಮಂತ್ರಿಗಳು ಬತ್ತಾರೆ, ಕ್ಷೌರದಂಗ್ಡಿಗೆ ಓಗ್ಬುಟ್ಟು ಬತ್ತೀನಿ. ಕಾರ್ಡು ಜೇಬ್ನಾಗೈತೆ. ಆ ಕೆಂಪು ಇಡಿ ಒಂದ್ ಮುಟ್ಬ್ಯಾಡಿ" ಎಂದು ಹೇಳಿ ಹೊರಟರು.

ನಾನು ನಿಯಮಾವಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕಾರ್ಡು ಇತ್ತು. ದಿನಾಂಕ ಸರಿಯಾಗಿತ್ತು. ಪಟ್ಟಿ, ಕೊಂಡಿ, ಹೊಲಿಗೆ ಎಲ್ಲಕ್ಕೂ ಗುರುತು ಹಾಕಿದೆ. ಒಂಬತ್ತನೆಯ ನಿಯಮಕ್ಕೆ ಬಂದಾಗ ಕೈ ನಿಂತಿತು. 'ಹಿಡಿಯು ಸಲೀಸಾಗಿ ಚಲಿಸುವಂತಿರತಕ್ಕದ್ದು' ಎಂದಿತ್ತು. ಸಲೀಸಾಗಿ ಚಲಿಸುತ್ತದೆಯೋ ಇಲ್ಲವೋ ಎಂದು ನೋಡದೆ ಸರ್ಕಾರಕ್ಕೆ ಹೇಗೆ ಬರೆದುಕೊಡುವುದು? ಹವಾಲ್ದಾರರು ಮುಟ್ಟಬೇಡಿ ಅಂದಿದ್ದರು ನಿಜ. ಆದರೆ ಅವರು ಬಾಯಲ್ಲಿ ಹೇಳಿದ್ದರು, ಇದು ಅಚ್ಚಾಗಿತ್ತು. ಜೀವಂತ ಮನುಷ್ಯನಿಗಿಂತ ಅಚ್ಚಾದ ಅಕ್ಷರವನ್ನು ನಂಬುವುದು ನನ್ನ ಸ್ವಭಾವ. ಸಣ್ಣ ಚೀಲದ ಕೆಂಪು ಹಿಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ.

ಸಲೀಸಾಗಿಯೇ ಚಲಿಸಿತು.

ಚೀಲ ಒಮ್ಮೆ ಸೀನಿತು. ಒಳಗಿನಿಂದ ಬಿಳಿಯದೇನೋ ಚಿಮ್ಮಿ ತೊಲೆಗೆ ಬಡಿದು, ಮಗುಚಿ, ಮೊಳಗಟ್ಟಲೆ, ಮಾರುಗಟ್ಟಲೆ ಹೊರಬಿದ್ದಿತು. ಅಷ್ಟು ಬಟ್ಟೆ ಅಷ್ಟು ಸಣ್ಣ ಚೀಲದಲ್ಲಿ ಹೇಗೆ ಕೂತಿತ್ತೋ! ನಡುಮನೆ ತುಂಬಿ, ಬಾಗಿಲು ದಾಟಿ, ಒಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದ ನಮ್ಮಮ್ಮನನ್ನೂ ಮುಚ್ಚಿಬಿಟ್ಟಿತು. ಬಿಳಿಯ ಗುಡ್ಡದೊಳಗಿನಿಂದ ಅಮ್ಮನ ದನಿ ಮಾತ್ರ ಬಂತು: "ಯಾರೋ ಅದು? ಕೂತಿರೋಳ ಮೇಲೆ ಪಂಚೆ ಒಣಗಾಕ್ತಾರೇನೋ!"

ಸದ್ದಿಗೆ ಅಡಿಗೆಮನೆಯಿಂದ ಸರೋಜ ಬಂದಳು, ಪಕ್ಕದ ಮನೆಯಿಂದ ರತ್ನಮ್ಮನವರೂ ಬಂದರು. ನನ್ನ ಮುಖ ಹೇಗಿದೆ ಎಂದು ಇಬ್ಬರೂ ನೋಡಲಿಲ್ಲ. ಬಟ್ಟೆಯನ್ನು ಮುಟ್ಟಿ ನೋಡಿದರು. "ಎಷ್ಟು ನಯವಾಗಿದೆ ರೀ, ಇದರಲ್ಲಿ ಎಷ್ಟು ರವಿಕೆ ಆಗುತ್ತೆ!" ಎಂದು ಸರೋಜ ಲೆಕ್ಕಕ್ಕೆ ಶುರುಮಾಡಿದಳು. ಹವಾಲ್ದಾರರ ಕ್ಷೌರ ಮುಗಿಯುವುದರೊಳಗೆ ಇದು ಚೀಲದೊಳಗೆ ಹೋಗಬೇಕು ಎಂದು ನಾನು ಹೇಳಿದೆ. ರತ್ನಮ್ಮನವರು ಸೆರಗು ಸಿಕ್ಕಿಸಿಕೊಂಡರು. ರೇಷ್ಮೆ ಸೀರೆ ಮಡಚುವುದರಲ್ಲಿ ನಮ್ಮ ಬೀದಿಯಲ್ಲೇ ಅವರನ್ನು ಮೀರಿಸಿದವರಿಲ್ಲ. "ಇದೇನು ಮಹಾ ಬುಡಿ. ನಮ್ಮ ನಾದಿನಿ ಮದುವೇಲಿ ಇಪ್ಪತ್ತು ಸೀರೆ ಮಡಚಿಟ್ಟೋಳು ನಾನು" ಅಂದರು. ಮೂವರು ಹೆಂಗಸರು ಅಂಚು ಹಿಡಿದು, ಕೊಡವಿ, ನಿರಿಗೆ ಹಿಡಿದು ಮಡಚಿದರು. ಚೀಲವನ್ನು ಮುಚ್ಚಲು ಸರೋಜ, ರತ್ನಮ್ಮನವರು, ನಾನು, ಮೂವರೂ ಸರದಿಯ ಮೇಲೆ ಅದರ ಮೇಲೆ ಕೂರಬೇಕಾಯಿತು. ಕೆಂಪು ಹಿಡಿಯನ್ನು ಎಲ್ಲಿ ಸಿಕ್ಕಿಸಬೇಕೋ ತಿಳಿಯದೆ, ಚೆನ್ನಾಗಿ ಕಾಣುವ ಜಾಗದಲ್ಲಿ ಸಿಕ್ಕಿಸಿದೆವು.

ಹವಾಲ್ದಾರರು ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಕಿವಿಯ ಹಿಂದೆ ಸೋಪಿನ ನೊರೆ ಉಳಿಸಿಕೊಂಡು ಬಂದರು. "ಎಲ್ಲ ಸರ್ಯಾಗೈತಾ ಸ್ವಾಮಿ?" ಎಂದು ಕೇಳಿದರು. ಆ ಕ್ಷಣದಲ್ಲಿ ನಾನು ನಿಜ ಹೇಳಬಹುದಿತ್ತು. ಸರೋಜ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು. ನಾನು "ಹೂಂ" ಅಂದೆ. ಅವರು ಸಣ್ಣ ಚೀಲವನ್ನು ಎತ್ತಿ, "ವಸಿ ಊದಿಕೊಂಡಂಗದೆ" ಎಂದು ಗೊಣಗಿ, ಗೋಣಿಗೆ ತುಂಬಿಕೊಂಡು ಹೋದರು.

ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ. "ಅದು ಎರಡನೇದು ತಾನೇ ರೀ? ಮೊದಲನೇದು ಬಿಚ್ಕೊಂಡ್ರೆ ಆಯ್ತಲ್ಲ" ಎಂದು ಸರೋಜ ಸಮಾಧಾನ ಹೇಳಿದಳು. ಮೊದಲನೆಯದು ಬಿಚ್ಚಿಕೊಳ್ಳದಿದ್ದರೆ ಎಂದೇ ಅಲ್ಲವೇ ಸರ್ಕಾರ ಎರಡನೆಯದನ್ನು ಹೇಳಿರುವುದು! ರುಜು ಹಾಕಬೇಕಾದ ಕಾಗದ ಕೋಟಿನ ಜೇಬಿನಲ್ಲಿ ಹಾಗೇ ಇತ್ತು. ಅದನ್ನು ತೆಗೆದಾಗಲೆಲ್ಲ ಮರೀಗೌಡರ ನುಣುಪು ಗಲ್ಲ ಕಣ್ಣ ಮುಂದೆ ಬರುತ್ತಿತ್ತು.

ಸೋಮವಾರ ಬೆಳಗ್ಗೆ ಸೈಕಲ್ಲು ಹತ್ತಿ ನಂಜನಗೂಡು ರಸ್ತೆಯಲ್ಲಿ ತುಳಿದೆ, ತುಳಿದೆ, ಪಂಚೆ ಚೈನಿಗೆ ಸಿಕ್ಕಿ ಒಂದು ಗೇಣು ಹರಿದದ್ದೂ ತಿಳಿಯಲಿಲ್ಲ. ಮಂಡಕಳ್ಳಿಯಲ್ಲಿ ಜನವೋ ಜನ. ಶಾಮಿಯಾನದಲ್ಲಿ ಮಂತ್ರಿಗಳು ಕೂತಿದ್ದರು, ಅವರ ಮುಂದೆ ಉದ್ದನೆಯ ಜಮಖಾನ ಹಾಸಿತ್ತು. ಪಕ್ಕದಲ್ಲಿ ಶಿರಸ್ತೇದಾರರು ಕೈಕಟ್ಟಿ ನಿಂತಿದ್ದರು. ಬಸ್ಸಿನಲ್ಲಿ ಬಂದಿದ್ದ ಸರೋಜ, ಅಮ್ಮ, ರತ್ನಮ್ಮನವರು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು. ಸಣ್ಣ ವಿಮಾನದ ಪಕ್ಕದಲ್ಲಿ ಮರೀಗೌಡರು ಎರಡೂ ಚೀಲ ಕಟ್ಟಿಕೊಂಡು ನಿಂತಿದ್ದರು.

ನಿಜ ಹೇಳಲೆಂದೇ ಹತ್ತಿರ ಹೋದೆ. ಬಾಯಿಂದ ಬಂದದ್ದು ಮಾತ್ರ ನಿಯಮ. "ಹವಾಲ್ದಾರ್ರೇ, ಎರಡನೇ ನಿಯಮ. ತಲೆಗೆ ಟೋಪಿ?"

"ಐತಲ್ಲ ಸ್ವಾಮಿ."

"ಬೂಟಿನ ಲಾಡಿ?"

"ಎರಡೆರಡು ಗಂಟು."

"ಚಾಕು?"

"ಇಲ್ಲೈತೆ."

ಇನ್ನೂ ನಾಲ್ಕು ಕೇಳಿದೆ. ಎಲ್ಲವೂ ಇತ್ತು. ನಿಯಮಗಳು ಹದಿನಾಲ್ಕೇ ಇದ್ದದ್ದು ನನ್ನ ದುರದೃಷ್ಟ. ವಿಮಾನ ನಡೆಸುವ ತರುಣ ಗಡಿಯಾರ ನೋಡಿಕೊಂಡ. ಮರೀಗೌಡರು ಮೆಟ್ಟಿಲ ಮೇಲೆ ಕಾಲಿಟ್ಟರು. ನಾನು ಅವರ ಸೊಂಟದ ಪಟ್ಟಿಯನ್ನು ಹಿಡಿದು ಜಗ್ಗಿದೆ.

"ಹವಾಲ್ದಾರ್ರೇ, ಅದು ನಮ್ಮನೇಲಿ ಬಿಚ್ಚಿಹೋಯ್ತು!"

"ಯಾವ್ದು ಸ್ವಾಮಿ?"

"ಎದೇದು."

ಅವರು ಕಾಲು ಕೆಳಗಿಟ್ಟರು. "ಮತ್ತೆ ಮಡಚಿದೋರ್ಯಾರು?"

"ಪಕ್ಕದ ಮನೆ ರತ್ನಮ್ಮನವರು."

ಮರೀಗೌಡರ ಮೀಸೆ ಮೊದಲ ಬಾರಿಗೆ ಕವಾಯತು ಮರೆತು ಅಲುಗಾಡಿತು. ಎದೆಯ ಚೀಲವನ್ನು ಕಳಚಿ ನೆಲದ ಮೇಲಿಟ್ಟು ಹಿಡಿಯನ್ನು ಎಳೆದರು. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದರು. ಹಿಡಿ ಕೈಗೆ ಬಂತು, ಚೀಲ ಮುಚ್ಚಿದ ಹಾಗೇ ಇತ್ತು. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಅವರು ಕೈಯಿಂದಲೇ ಚೀಲ ಬಿಡಿಸಿದರು. ನಾಲ್ಕು ನುಸಿಗುಳಿಗೆ ಉರುಳಿಬಿದ್ದವು. ಅವುಗಳ ಹಿಂದೆ ನಮ್ಮಮ್ಮನ ಕನ್ನಡಕ ಬಂತು. ಅದು ಕಾಣುತ್ತಿಲ್ಲವೆಂದು ಅಮ್ಮ ಹಿಂದಿನ ದಿನ ಮಧ್ಯಾಹ್ನದಿಂದ ಮನೆಯವರನ್ನೆಲ್ಲ ಬೈದಿದ್ದರು. ಕೊನೆಗೆ ಹಗ್ಗಗಳು ಬಂದವು. ಅಷ್ಟೊಂದು ದಾರದಂಥ ಹಗ್ಗಗಳು ಸಿಕ್ಕಾಗಬಾರದೆಂದು ರತ್ನಮ್ಮನವರು ಎಲ್ಲವನ್ನೂ ಸೇರಿಸಿ ಜಡೆ ಹೆಣೆದು, ತುದಿಗೆ ಬಿಗಿಯಾಗಿ ಗಂಟು ಹಾಕಿದ್ದರು.

ಮರೀಗೌಡರು ಜಡೆಯನ್ನು ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಚೆಂದಾಗೈತೆ ಸ್ವಾಮಿ. ಒಂದು ಮೊಳ ಹೂವ ಮುಡ್ಸಿದ್ರೆ ಮದ್ವೆಗೇ ಓಗ್ಬೋದು" ಅಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಹೊಡೆಯುತ್ತಾರೆ ಅಂದುಕೊಂಡೆ. "ಏಳಿ. ಯೋಳುದ್ರಲ್ಲ, ಅದೇ ದೊಡ್ದು. ಪಟಾಲಮ್ನಾಗೆ ಒಂದ್ ರೂಲ್ಸೈತೆ, ಮಡಚಿದೋರೇ ಹಾರ್ಬೇಕು ಅಂತ. ರತ್ನಮ್ಮೋರು ಬಂದವ್ರಾ?" ಎಂದು ಕೇಳಿ ಬಯಲೆಲ್ಲ ಕೇಳುವ ಹಾಗೆ ನಕ್ಕರು.

ಸರಿಯಾಗಿ ಮಡಚಲು ಉದ್ದವಾದ ಸಮತಟ್ಟು ಜಾಗ ಬೇಕಂತೆ. ಆ ಬಯಲಿನಲ್ಲಿ ಅಂಥದ್ದು ಒಂದೇ ಇತ್ತು, ಮಂತ್ರಿಗಳ ಮುಂದಿನ ಜಮಖಾನ. ಮರೀಗೌಡರು ನೇರವಾಗಿ ಹೋಗಿ ಸಲಾಮು ಹೊಡೆದು, "ಸ್ವಾಮಿ, ವಸಿ ಕಾಲೆತ್ಕಳಿ" ಅಂದರು. ಮಂತ್ರಿಗಳು ಎತ್ತಿಕೊಂಡರು. ಶಿರಸ್ತೇದಾರರ ಮುಖ ಸುಣ್ಣದ ಗೋಡೆಯಾಯಿತು. ಹವಾಲ್ದಾರರು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ ಕೂತು, ಸಾವಿರಾರು ಜನರ ಎದುರಿಗೆ ಜಡೆ ಬಿಚ್ಚಿದೆವು. ಕಟ್ಟಿಕೊಂಡ ಹೆಂಡತಿಗೂ ಮಾಡದ ಸೇವೆ ಅದು. ಮುಂದಿನ ಸಾಲಿನಿಂದ ರತ್ನಮ್ಮನವರು ನೊಂದು, "ಅಯ್ಯೋ, ಅಷ್ಟು ಓರಣವಾಗಿ ಹೆಣೆದಿದ್ದೆ, ಯಾಕ್ರೀ ಬಿಚ್ಬುಟ್ರಿ?" ಎಂದು ಕೂಗಿದರು. ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ಮಂತ್ರಿಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು.

ಮರೀಗೌಡರು ಅದನ್ನು ಸರಿಯಾಗಿ ಮಡಚಿದ್ದನ್ನು ಕಣ್ಣಾರೆ ಕಂಡು ನಾನು ರುಜು ಹಾಕಿದ ಮೇಲೆ, ಒಂದು ಗಂಟೆ ತಡವಾಗಿ ವಿಮಾನ ಏರಿತು. ನಾನು ಕತ್ತೆತ್ತಿ ನಿಂತೆ. ನೀಲಿಯಲ್ಲಿ ಒಂದು ಚುಕ್ಕೆ ಉದುರಿತು. ನಾನು ಉಸಿರು ಹಿಡಿದುಕೊಂಡು ಒಂದು, ಎರಡು ಎಂದು ಎಣಿಸುವುದರೊಳಗೆ ಬಿಳಿಯ ಕೊಡೆ ಅರಳಿತು. ಮರೀಗೌಡರು ಗಾಳಿಯಲ್ಲಿ ತೂಗಿಕೊಂಡು ಬಂದು, ಪಕ್ಕದ ಹುರುಳಿ ಹೊಲದಲ್ಲಿ ಎರಡು ಕಾಲಿನ ಮೇಲೆ ನಿಂತೇ ಇಳಿದರು. ಬೆನ್ನಿನ ಚೀಲವೇ ಸಾಕಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಅಮ್ಮ ಕನ್ನಡಕ ಏರಿಸಿಕೊಂಡು, "ಆ ಇನ್ನೊಂದನ್ನ ಬಿಚ್ಚಲೇ ಇಲ್ಲವಲ್ಲೋ. ಅದಕ್ಯಾಕೆ ಇಷ್ಟು ರಂಪ ಮಾಡ್ದೆ?" ಅಂದರು.

ತಡವಾದದ್ದಕ್ಕೆ ಕಚೇರಿಯಲ್ಲಿ ನನ್ನಿಂದ ವಿವರಣೆ ಕೇಳಿದರು. ಒಂದು ಸಾಲು ಬರೆದರೆ ಸಾಕಿತ್ತು. ನಾನು ನಾಲ್ಕು ಪುಟ ಬರೆದೆ, ಜಡೆಯನ್ನೂ ನುಸಿಗುಳಿಗೆಯನ್ನೂ ಬಿಡದೆ. ಕೃಷ್ಣಪ್ಪನವರು ಅದನ್ನು ಓದಿ, ತಲೆ ಚಚ್ಚಿಕೊಂಡು, ಹಾಗೆಯೇ ಮೇಲಕ್ಕೆ ಕಳಿಸಿದರು. ಮೇಲಿನವರು ಇನ್ನೂ ಮೇಲಕ್ಕೆ ಕಳಿಸಿದರಂತೆ. ಶಿಕ್ಷೆ ಬರುತ್ತದೆಂದು ತಿಂಗಳುಗಟ್ಟಲೆ ಹೆದರಿಕೊಂಡಿದ್ದೆ. ಶಿಕ್ಷೆ ಬರಲಿಲ್ಲ, ಒಂದು ಸುತ್ತೋಲೆ ಬಂತು. ಹದಿನಾಲ್ಕು ನಿಯಮಗಳಿಗೆ ಹದಿನೈದನೆಯದು ಸೇರಿತ್ತು: 'ತಪಾಸಣೆ ಮಾಡುವ ನೌಕರನು ಪ್ಯಾರಾಚೂಟನ್ನು ತನ್ನ ವಾಸದ ಮನೆಗೆ ತರಿಸಿಕೊಳ್ಳತಕ್ಕದ್ದಲ್ಲ, ಹಾಗೂ ತನ್ನ ಕುಟುಂಬದವರಿಂದಾಗಲಿ ನೆರೆಹೊರೆಯವರಿಂದಾಗಲಿ ಮಡಚಿಸತಕ್ಕದ್ದಲ್ಲ.'

ಕೃಷ್ಣಪ್ಪನವರು ಅದನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದರು. ಹೊಸದಾಗಿ ಸೇರಿದ್ದ ಗುಮಾಸ್ತರೊಬ್ಬರು ಬಿದ್ದು ಬಿದ್ದು ನಕ್ಕು, "ಇಂಥಾ ನಿಯಮ ಮಾಡಬೇಕಾದ್ರೆ ಎಲ್ಲೋ ಒಬ್ಬ ಶತದಡ್ಡ ಇದ್ದಿರ್ಬೇಕು ಸಾರ್" ಅಂದರು. ಕೃಷ್ಣಪ್ಪನವರು ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ನಾನು ಸುತ್ತೋಲೆಯನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದೆ. ಭಾಷೆ ಬಹಳ ಚೆನ್ನಾಗಿತ್ತು. ಅದರ ಕೆಳಗೆ 'ಓದಿ ತಿಳಿದುಕೊಂಡೆ' ಎಂದು ಬರೆದು, ಎಲ್ಲರಿಗಿಂತ ಮೊದಲು, ಸ್ವಲ್ಪ ಹೆಮ್ಮೆಯಿಂದಲೇ ರುಜು ಹಾಕಿದೆ.