ವಳಸಂಗ ಸ್ಟ್ಯಾಂಡಿನ ಬೇವಿನ ಗಿಡವನ್ನು ಓಕ್ ಎಂದು ಪರಿಗಣಿಸುವ ಕುರಿತು

(ಇಲಾಖೆಯ ಹೆಸರನ್ನು ಮುಜುಗರದ ಕಾರಣ ಮುದ್ರಿಸಿರುವುದಿಲ್ಲ)
ಸೊಲ್ಲಾಪುರ

ಸುತ್ತೋಲೆ ಸಂಖ್ಯೆ: ಓಕ್/ವಳಸಂಗ/ಜಾಳಿ-17/ಬೇವಲ್ಲ

ವಿಷಯ: ಜಾಳಿ ಸಂಖ್ಯೆ 17ರಲ್ಲಿ ಅನುಮತಿಯಿಲ್ಲದೆ ಬೆಳೆದ ಮರದ ಜಾತಿ ನಿರ್ಧಾರ ಹಾಗೂ ಸದರಿ ಮರವು ತಪಾಸಣೆಯ ದಿನ ನಡೆದುಕೊಳ್ಳಬೇಕಾದ ರೀತಿ.

ಉಲ್ಲೇಖ: ‘ಬಿಸಿಲ ನಾಡಿಗೆ ಓಕ್ ನೆರಳು’ ಯೋಜನೆ, ಆರನೆಯ ವರ್ಷ.

ಮೂಲ ಸುತ್ತೋಲೆ ಮರಾಠಿಯಲ್ಲಿದ್ದು, ವಳಸಂಗದ ಗ್ರಾಮಸ್ಥರು ಇಲಾಖೆಯನ್ನು ಕನ್ನಡದಲ್ಲಿ ಬೈದಿರುವುದರಿಂದ ಅವರ ತಿಳಿವಳಿಕೆಗಾಗಿ ಈ ಕನ್ನಡ ಪ್ರತಿಯನ್ನು ಹೊರಡಿಸಲಾಗಿದೆ.

ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ಬದಿಗೆ ನಾನೂರು ಓಕ್ ಮರ ಬೆಳೆಸಲು ಆರು ವರ್ಷದ ಹಿಂದೆ ತೀರ್ಮಾನಿಸಲಾಗಿತ್ತು. ಓಕ್ ತಂಪು ಗುಡ್ಡಗಳ ಮರವೆಂದು ಪುಸ್ತಕದಲ್ಲಿ ಬರೆದಿದ್ದು, ಆ ಪುಟವನ್ನು ಯಾರೂ ತೆರೆದಿರಲಿಲ್ಲ. ಬಾಳಂತಿಯ ಮನೆಯಲ್ಲಿ ಕೂಸಿಗೆ ಗುಟ್ಟಿ ಔಷಧಿ ತೇಯುವಾಗ ಬಳಸುವ ಮಾಚಿಕಾಯಿಯು ಓಕ್ ಮರದ್ದೇ ಎಂಬ ಪುಟವನ್ನು ಮಾತ್ರ ಗುಮಾಸ್ತ ಶ್ರೀ ಗುರುಸಿದ್ಧ ಇವರು ಓದಿ, ಕಿರಾಣಿ ವ್ಯಾಪಾರಿ ಶ್ರೀ ಶಾಂತಪ್ಪ ಇವರಲ್ಲಿಂದ ಎರಡು ಚೀಲ ಮಾಚಿಕಾಯಿ ತಂದು, ಬೀಜವೆಂದು ನಾನೂರು ಗುಂಡಿಗಳಲ್ಲಿ ಬಿತ್ತಿ, ದನ ತಿನ್ನದಂತೆ ಪ್ರತಿ ಗುಂಡಿಯ ಸುತ್ತ ಕಬ್ಬಿಣದ ಜಾಳಿ ನಿಲ್ಲಿಸಿರುತ್ತಾರೆ. ಶ್ರೀ ಶಾಂತಪ್ಪ ಇವರು ಆಗಲೇ, “ಹೋಳಿಗಿ ಹುಗದ್ರ ಗೋಧಿ ಬೆಳೀತದೇನೋ ಗುರುಸಿದ್ಧ? ಒಯ್ಯಿ, ನಂದೇನ ಹೋಗ್ತದ” ಎಂದು ತಾಂತ್ರಿಕ ಸಲಹೆ ನೀಡಿದ್ದು, ಅದು ಲಿಖಿತವಾಗಿ ಬಾರದ ಕಾರಣ ಪರಿಗಣಿಸಿರುವುದಿಲ್ಲ.

ಮಾಚಿಕಾಯಿಯು ಕಾಯಿಯಲ್ಲ. ಒಂದು ಹುಳ ಓಕ್ ಟೊಂಗೆಯಲ್ಲಿ ಮೊಟ್ಟೆಯಿಟ್ಟಾಗ ಮರ ಕಟ್ಟಿಕೊಡುವ ಗಂಟು. ಆದ್ದರಿಂದ ಇಲಾಖೆಯು ಬಿತ್ತಿದ್ದು ಹುಳದ ಮನೆಗಳನ್ನು, ಅದೂ ಬಾಡಿಗೆದಾರ ತೂತು ಕೊರೆದು ಖಾಲಿ ಮಾಡಿ ಹೋದ ಮನೆಗಳನ್ನು, ಎಂದು ಈಗ ತಿಳಿದುಬಂದಿದೆ. ಮುನ್ನೂರ ತೊಂಬತ್ತೊಂಬತ್ತು ಕಬ್ಬಿಣದ ಜಾಳಿಗಳು ಸುಸ್ಥಿತಿಯಲ್ಲಿದ್ದು, ಒಳಗೆ ಏನೂ ಇಲ್ಲದ್ದರಿಂದ ಅವುಗಳಿಗೆ ಯಾವ ರೋಗವೂ ತಗುಲಿಲ್ಲ.

ವಳಸಂಗ ಸ್ಟ್ಯಾಂಡಿನ ಹದಿನೇಳನೆಯ ಜಾಳಿಯಲ್ಲಿ ಮಾತ್ರ ಹಕ್ಕಿಯೊಂದು ಉಗುಳಿದ ಬೇವಿನ ಬೀಜ ಮೊಳೆತು ಮರವಾಗಿದೆ. ಅದರ ಬುಡದಲ್ಲಿ ಕಾಯಿಪಲ್ಲೆ ಮಾರುವ ಶ್ರೀಮತಿ ಅಕ್ಕನಾಗಮ್ಮ ಇವರು ಆರು ವರ್ಷದಿಂದ ತಮ್ಮ ಕೊಡದ ನೀರನ್ನು ಅದಕ್ಕೆ ಹಾಕಿರುತ್ತಾರೆ. ಇದೇ ತಿಂಗಳ ಇಪ್ಪತ್ತೆಂಟರಂದು ಮೇಲಿನ ಸಾಹೇಬರು ಓಕ್ ನೋಡಲು ಬರುವವರಿದ್ದು, ಬೇವನ್ನು ಕಡಿಯಲು ಗರಗಸದೊಂದಿಗೆ ಹೋದ ಶ್ರೀ ಗುರುಸಿದ್ಧ ಇವರಿಗೆ ಅಕ್ಕನಾಗಮ್ಮ ನೀಡಿದ ಹೇಳಿಕೆ ಹೀಗಿದೆ: “ಇದನ್ನ ಕಡದ್ರ ನಾ ಎಲ್ಲಿ ಕೂಡ್ಲೋ ತಮ್ಮಾ? ಈ ಬಿಸಲಾಗ ಮೆಂತ್ಯಪಲ್ಲೆ ಹನ್ನೊಂದಕ್ಕ ಒಣಗಿ ಹುಲ್ಲ ಆಗ್ತದ. ಓಕ್ ಅನ್ರಿ, ಜೋಕ್ ಅನ್ರಿ, ನೆಳ್ಳ ಒಂದ ಬಿಡ್ರಿ.”

ಸದರಿ ಹೇಳಿಕೆಯ ಆಧಾರದ ಮೇಲೆ ಈ ಮೂಲಕ ಸೂಚಿಸುವುದೇನೆಂದರೆ:

1. ಹದಿನೇಳನೆಯ ಜಾಳಿಯ ಮರವು ಓಕ್ ಆಗಿರುತ್ತದೆ. ಅದು ಬೇವಿನಂತೆ ಕಾಣುವುದು ನೋಡುವವರಿಗೆ ಬಿಸಿಲು ಬಡಿದ ಲಕ್ಷಣವೆಂದು ತಿಳಿಯತಕ್ಕದ್ದು.

2. ಜಗತ್ತಿನಲ್ಲಿ ಸುಮಾರು ಐನೂರು ಬಗೆಯ ಓಕ್ ಇರುವುದರಿಂದ, ಇನ್ನೊಂದು ಇದ್ದರೆ ಯಾರಿಗೂ ಭಾರವಾಗದು. ಹೆಸರು: ವಳಸಂಗ ಓಕ್. ವಾಸಸ್ಥಾನ: ಎಸ್.ಟಿ. ಬಸ್ ನಿಲ್ಲುವ ಜಾಗಕ್ಕೂ ಪಾನಪಟ್ಟಿ ಅಂಗಡಿಗೂ ನಡುವೆ. ಗುಣ: ಕಹಿ.

3. ಈ ಮರದ ಕಡ್ಡಿಯಿಂದ ಹಲ್ಲು ಉಜ್ಜುವವರು ಮುಖ ಹಿಂಡಬಾರದು. ಯುಗಾದಿಗೆ ಎಲೆ ಬೇಕಾದವರು ‘ಓಕ್-ಬೆಲ್ಲಕ್ಕಾಗಿ’ ಎಂದು ಕಾರಣ ಬರೆದು ಅರ್ಜಿ ಕೊಡತಕ್ಕದ್ದು.

4. ಓಕ್ ಕಟ್ಟಿಗೆಯಿಂದ ಹಡಗು ಕಟ್ಟುತ್ತಾರೆಂದು ಪುಸ್ತಕ ಹೇಳುತ್ತದೆ. ಹೋಟಗಿಯ ಕಡೆ ಸಮುದ್ರ ಬಂದ ಮೇಲೆ ಈ ಬಗ್ಗೆ ಯೋಚಿಸಲಾಗುವುದು. ಪೀಪಾಯಿಯನ್ನೂ ಮಾಡುತ್ತಾರೆಂದು ಇರುವುದರಿಂದ, ಅಲ್ಲಿಯವರೆಗೆ ಅಕ್ಕನಾಗಮ್ಮ ಇವರ ಕೊಡವನ್ನು ಪೀಪಾಯಿ ಎಂದು ಕರೆಯತಕ್ಕದ್ದು.

5. ಚೀಲದಲ್ಲಿ ಉಳಿದ ಮಾಚಿಕಾಯಿಗಳನ್ನು ತಪಾಸಣೆಯ ಮುನ್ನಾದಿನ ದಾರದಿಂದ ಟೊಂಗೆಗಳಿಗೆ ಕಟ್ಟತಕ್ಕದ್ದು. ಗಂಟು ಹಾಕಲು ಕರೆಸಲಾದ ಊರಿನ ಹಿರಿಯ ಸೂಲಗಿತ್ತಿ ಶ್ರೀಮತಿ ಕಲ್ಯಾಣಮ್ಮ ಇವರು, “ಇದು ಕೂಸಿಗಿ ತೇದ ಹಾಕೂದ್ರೀ, ಗಿಡಕ್ಕ ಕಟ್ಟೂದಲ್ಲ. ನಿಮಗ ಸಣ್ಣವರಿದ್ದಾಗ ಯಾರೂ ಗುಟ್ಟಿ ಹಾಕಿಲ್ಲ ಕಾಣಸ್ತದ” ಎಂದಿದ್ದು, ಸಿಬ್ಬಂದಿಯ ಬಾಲ್ಯದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆದಿದೆ.

6. ತಪಾಸಣೆಯ ದಿನ ಮರವು ಎಲೆ ಉದುರಿಸಬಾರದು. ಹೂವಿನ ವಾಸನೆ ಬಂದಲ್ಲಿ ಗಾಳಿ ಮೈಂದರ್ಗಿಯ ಕಡೆಯಿಂದ ಬಂತೆಂದು ಹೇಳತಕ್ಕದ್ದು.

7. ಕಡಿಯುವ ಪ್ರಸ್ತಾವವನ್ನು ಈ ಕೆಳಗಿನ ಕಾರಣಕ್ಕೆ ಕೈಬಿಡಲಾಗಿದೆ. ಬೇವನ್ನು ಕಡಿಯೋಣವೆಂದರೆ, ದಫ್ತರದ ಪ್ರಕಾರ ಅಲ್ಲಿ ಬೇವು ಇಲ್ಲ. ಓಕ್ ಕಡಿಯೋಣವೆಂದರೆ, ನಾನೂರರಲ್ಲಿ ಬದುಕಿದ್ದು ಅದೊಂದೇ. ಆದಕಾರಣ ನಿಜವಾದ ಓಕ್ ಹುಟ್ಟುವವರೆಗೆ ಈ ಮರವನ್ನು ಯಾರೂ ಮುಟ್ಟತಕ್ಕದ್ದಲ್ಲ. ಅಕ್ಕನಾಗಮ್ಮ ಇವರು ಎಂದಿನಂತೆ ಬುಡದಲ್ಲಿಯೇ ಕೂರತಕ್ಕದ್ದು. ಆರು ವರ್ಷದಿಂದ ಅಲ್ಲಿ ನೀರು ಹಾಕಿದ ಏಕೈಕ ವ್ಯಕ್ತಿ ಅವರೇ ಎಂಬುದನ್ನು ಸಾಹೇಬರಿಗೆ ತಿಳಿಸತಕ್ಕದ್ದಲ್ಲ.

8. ಈ ಸುತ್ತೋಲೆಯನ್ನು ಸದರಿ ಮರದ ನೆರಳಿನಲ್ಲಿಯೇ ಕುಳಿತು ಸಿದ್ಧಪಡಿಸಲಾಗಿದೆ. ಉಳಿದ ಮುನ್ನೂರ ತೊಂಬತ್ತೊಂಬತ್ತು ಓಕುಗಳ ಕೆಳಗೆ ಬಿಸಿಲು ವಿಪರೀತವಿತ್ತು.

ಸಹಿ/-
(ಬೆವರಿನಿಂದ ಅಳಿಸಿದೆ)
ಓಕ್ ಅಧಿಕಾರಿ, ಪ್ರಭಾರ

ಪ್ರತಿಗಳು:
– ಶ್ರೀ ಗುರುಸಿದ್ಧ, ಗುಮಾಸ್ತರು: ಗರಗಸ ಮರಳಿಸುವ ಸೂಚನೆಯೊಂದಿಗೆ.
– ಶ್ರೀ ಶಾಂತಪ್ಪ, ಕಿರಾಣಿ ವ್ಯಾಪಾರಿ: ನಗಬಾರದೆಂಬ ಕೋರಿಕೆಯೊಂದಿಗೆ.
– ಹದಿನೇಳನೆಯ ಮರ: ಮೊಳೆ ಹೊಡೆಯದೆ ಅಂಟಿಸತಕ್ಕದ್ದು.
– ಶ್ರೀಮತಿ ಅಕ್ಕನಾಗಮ್ಮ: ಗಟ್ಟಿಯಾಗಿ ಓದಿ ಹೇಳತಕ್ಕದ್ದು, ಅವರು ಹೇಳುವ ಉತ್ತರವನ್ನು ಬರೆದುಕೊಳ್ಳತಕ್ಕದ್ದಲ್ಲ.